1440ರ ಲೆಕ್ಕ: ಚಿತ್ರಕ್ಕೆ ಸಂಗೀತ ಕೂರಿಸುವ ಕೆಲಸ

ಎಲ್ಲರಿಗೂ ನಮಸ್ಕಾರ.

ಹಲಗೆಯ ಮೇಲೆ ಒಂದೇ ಒಂದು ಸಂಖ್ಯೆ ಬರೆದಿದ್ದೇನೆ: 1440. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ನಿಮಿಷಕ್ಕೆ 60 ಸೆಕೆಂಡ್. ಗುಣಿಸಿದರೆ 1440. ಇದನ್ನು ಟೆಂಪೋದಿಂದ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ, ಭಾಗಿಸಿದರೆ ಒಂದು ಬೀಟ್ ಎಷ್ಟು ಫ್ರೇಮ್ ತಿನ್ನುತ್ತದೆ ಎಂಬುದು ಸಿಗುತ್ತದೆ. 120ರ ಟೆಂಪೋಗೆ 12 ಫ್ರೇಮ್, 90ಕ್ಕೆ 16, 80ಕ್ಕೆ 18, 72ಕ್ಕೆ 20. ಕಂಪ್ಯೂಟರ್ ಬರುವ ಮುಂಚೆ ಹಾಲಿವುಡ್‌ನಲ್ಲಿ ಫಿಲ್ಮಿನ ಧ್ವನಿಪಟ್ಟಿಯಲ್ಲಿ ಲೆಕ್ಕ ಹಾಕಿ ತೂತು ಹೊಡೆಯುತ್ತಿದ್ದರು. ತೂತು ಹಾದುಹೋದಾಗಲೆಲ್ಲ ಟಿಕ್ ಎನ್ನುವ ಸದ್ದು, ವಾದ್ಯದವರ ಕಿವಿಗೆ ಅದೇ ತಾಳ. ಈಗ ಸಾಫ್ಟ್‌ವೇರ್ ಈ ಭಾಗಾಕಾರವನ್ನು ನಮಗಾಗಿ ಮಾಡುತ್ತದೆ. ಆದರೂ ಈ ಲೆಕ್ಕ ಬಾಯಿಗೆ ಬರಬೇಕು. ಏಕೆಂದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ನಮ್ಮ ಕಡೆ ಹಿನ್ನೆಲೆ ಸಂಗೀತಕ್ಕೆ ರೀರೆಕಾರ್ಡಿಂಗ್ ಎನ್ನುತ್ತೇವೆ, ಚಿಕ್ಕದಾಗಿ ಆರ್‌ಆರ್. ಸಂಗೀತವನ್ನು ಚಿತ್ರಕ್ಕೆ ಅಳತೆ ಮಾಡಿ ಕೂರಿಸಲೆಂದೇ ಮ್ಯೂಸಿಕ್ ಎಡಿಟರ್ ಎಂಬ ಪ್ರತ್ಯೇಕ ಹುದ್ದೆ ಹಾಲಿವುಡ್‌ನಲ್ಲಿದೆ. ಇಲ್ಲಿ ಆ ಕೆಲಸ ಹೆಚ್ಚಾಗಿ ಸಂಗೀತ ನಿರ್ದೇಶಕರ ಸಹಾಯಕರ ಅಥವಾ ಪ್ರೋಗ್ರಾಮರ್‌ನ ತಲೆಗೇ ಬರುತ್ತದೆ. ಹಾಗಾಗಿ ಕೀಬೋರ್ಡ್ ಚೆನ್ನಾಗಿ ನುಡಿಸುವವರೂ ಇದನ್ನು ಕಲಿಯದೆ ಗತಿಯಿಲ್ಲ.

ಎಡಿಟ್ ರೂಮಿನಿಂದ ರೀಲ್, ಅಂದರೆ ಚಿತ್ರದ ಒಂದು ಭಾಗ, ಬಂದ ಕೂಡಲೇ ರಾಗ ಹುಡುಕಲು ಕೂರಬೇಡಿ. ಫ್ರೇಮ್ ರೇಟ್ ಎಷ್ಟು ಎಂದು ಮೊದಲು ಕೇಳಿ. 24 ಮತ್ತು 23.976 ಕ್ಯಾಮೆರಾ ಮೆನುವಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ, ನೋಡಲು ಅಣ್ಣತಮ್ಮಂದಿರ ಹಾಗೆ. ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು. ಆದರೆ ಆ ಒಂದು ಪಾಲು ನಿಮಿಷಕ್ಕೆ 60 ಮಿಲಿಸೆಕೆಂಡ್ ಆಗುತ್ತದೆ, ಅಂದರೆ ಸುಮಾರು ಒಂದೂವರೆ ಫ್ರೇಮ್. ನಾಲ್ಕು ನಿಮಿಷದ ಹಾಡಿನ ಕೊನೆಗೆ ತುಟಿಗೂ ದನಿಗೂ ಹತ್ತಿರ ಹತ್ತಿರ 6 ಫ್ರೇಮ್ ಅಂತರ. 20 ನಿಮಿಷದ ರೀಲ್ ಮುಗಿಯುವಾಗ 1.2 ಸೆಕೆಂಡ್. ಟಿವಿಗೆಂದು ಮಾಡಿದ್ದು ನಮ್ಮ ದೇಶದಲ್ಲಿ 25 ಇರುತ್ತದೆ, ಆಗ 1440ರ ಬದಲು 1500 ಹಿಡಿಯಬೇಕು.

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆದು ದಾಖಲಿಸುತ್ತೇವೆ ಎಂಬ ವಿಚಾರ ಇನ್ನೂ ಸುಲಭ: ಚಿತ್ರಕ್ಕೆ 48,000. 24 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮ್‌ಗೆ ಸರಿಯಾಗಿ 2000 ಸ್ಯಾಂಪಲ್ ಬೀಳುತ್ತದೆ, ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ. ಸಿಡಿಯಿಂದ ತೆಗೆದ 44,100ರ ಹಾಡನ್ನು ಪರಿವರ್ತಿಸದೆ 48,000ದ ಸೆಷನ್‌ಗೆ ಹಾಗೇ ಎಳೆದು ಹಾಕಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರಿ, ನಾಲ್ಕು ನಿಮಿಷದ್ದು 3 ನಿಮಿಷ 40 ಸೆಕೆಂಡಿಗೇ ಮುಗಿಯುತ್ತದೆ. ಗಾಯಕಿಯ ದನಿ ಯಾಕೋ ತೆಳ್ಳಗಿದೆ ಅನ್ನಿಸಿದರೆ ಈಕ್ಯೂ ತಿರುಗಿಸುವ ಮುನ್ನ ಇದನ್ನು ನೋಡಿ. ಎಂಪಿ3ಯದು ಬೇರೆಯೇ ತಾಪತ್ರಯ. ಎನ್‌ಕೋಡ್ ಆಗುವಾಗ ಮೊದಲಿಗೆ ಒಂದಷ್ಟು ಖಾಲಿ ಸೇರಿಕೊಳ್ಳುತ್ತದೆ, ಸಾಮಾನ್ಯವಾಗಿ ಸಾವಿರ ಸ್ಯಾಂಪಲ್‌ನ ಆಸುಪಾಸು. ಅಂದರೆ ಸುಮಾರು ಅರ್ಧ ಫ್ರೇಮ್. ವಾಟ್ಸ್ಆ್ಯಪ್‌ನಲ್ಲಿ ಬಂದ ರಫ್ ಮಿಕ್ಸ್ ಮೇಲೆ ಸಿಂಕ್ ಮಾಡಿಟ್ಟು, ಆಮೇಲೆ ಅದೇ ಜಾಗಕ್ಕೆ ವೇವ್ ಫೈಲ್ ಕೂರಿಸಿದರೆ ಎಲ್ಲವೂ ಅಷ್ಟಷ್ಟು ಸರಿದಿರುತ್ತದೆ.

ಆಮೇಲೆ ಪಾಪ್, ಅಂದರೆ ಚಿತ್ರಕ್ಕೂ ಸದ್ದಿಗೂ ಹೊಂದಿಕೆಯಿದೆಯೇ ಎಂದು ನೋಡಲು ಇಡುವ ಬೀಪ್. ಟೈಮ್‌ಕೋಡ್ ಓದುವ ಕ್ರಮ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. ಮೊದಲ ರೀಲ್ 01:00:00:00ಕ್ಕೆ ಶುರು, ಚಿತ್ರದ ಮೊದಲ ಫ್ರೇಮ್ 01:00:08:00ಕ್ಕೆ, ಅದಕ್ಕೆ ಸರಿಯಾಗಿ 2 ಸೆಕೆಂಡ್ ಮುಂಚೆ 01:00:06:00ಕ್ಕೆ ಒಂದೇ ಫ್ರೇಮ್ ಉದ್ದದ 1000 ಹರ್ಟ್ಸ್ ಬೀಪ್. ಎರಡನೇ ರೀಲ್ 02ರಿಂದ ಶುರು. ಕೊನೆಯ ಫ್ರೇಮ್ ಮುಗಿದು 2 ಸೆಕೆಂಡ್ ಆದ ಮೇಲೆ ಇನ್ನೊಂದು ಪಾಪ್ ಇರಲೇಬೇಕು. ಈ ಬಾಲದ ಪಾಪನ್ನು ಸೋಮಾರಿತನಕ್ಕೆ ಬಿಡುವವರೇ ಜಾಸ್ತಿ. ಆದರೆ ರೋಗ ಗುರುತಿಸಲು ಇದರಷ್ಟು ಅನುಕೂಲದ್ದು ಬೇರೆ ಇಲ್ಲ. ತಲೆಯ ಪಾಪ್ ಕೂತು ಬಾಲದ ಪಾಪ್ ಜಾರಿದ್ದರೆ ಫ್ರೇಮ್ ರೇಟ್ ಅಥವಾ ಸ್ಯಾಂಪಲ್ ರೇಟ್ ತಪ್ಪಿದೆ. ಎರಡೂ ಒಂದೇ ಅಳತೆಯಲ್ಲಿ ಜಾರಿದ್ದರೆ ಇಟ್ಟ ಜಾಗ ತಪ್ಪಿದೆ. ಪಾಪ್ ಎರಡೂ ಕೂತಿವೆ, ಆದರೂ ಮಿಕ್ಸಿಂಗ್ ಥಿಯೇಟರ್‌ನಲ್ಲಿ ನಿಮ್ಮ ಹಿಟ್‌ಗಳೆಲ್ಲ, ಅಂದರೆ ದೃಶ್ಯದ ಒಂದು ಕ್ಷಣಕ್ಕೆ ಸರಿಯಾಗಿ ಬೀಳಬೇಕಾದ ಸಂಗೀತದ ಪೆಟ್ಟುಗಳೆಲ್ಲ, ಎರಡು ಮೂರು ಫ್ರೇಮ್ ತಡವಾಗಿ ಬೀಳುತ್ತಿವೆ ಎಂದರೆ ನಿಮ್ಮ ಕೋಣೆಯ ಟಿವಿಯ ಮೇಲೆ ಅನುಮಾನ ಪಡಿ. ದೊಡ್ಡ ಟಿವಿಗಳು ಚಿತ್ರವನ್ನು ಸಂಸ್ಕರಿಸಿ ತಡವಾಗಿ ತೋರಿಸುತ್ತವೆ. ನೀವು ಆ ತಡವಾದ ಚಿತ್ರಕ್ಕೇ ಸಂಗೀತ ಹೊಂದಿಸಿರುತ್ತೀರಿ. ಪಾಪ್ ಇರುವ ಕೌಂಟ್‌ಡೌನ್ ಓಡಿಸಿ, ಅಂಕಿಯೂ ಬೀಪೂ ಕೂಡುವ ತನಕ ಸಾಫ್ಟ್‌ವೇರ್‌ನ ವಿಡಿಯೊ ಆಫ್‌ಸೆಟ್ ತಿರುಗಿಸಿ.

ಹೆಸರಿಡುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 1ಎಂ1 ಎಂದರೆ ಮೊದಲ ರೀಲಿನ ಮೊದಲ ತುಣುಕು, 2ಎಂ3 ಎಂದರೆ ಎರಡನೇ ರೀಲಿನ ಮೂರನೆಯದು. ಅದರ ಮುಂದೆ ಆವೃತ್ತಿ ಸಂಖ್ಯೆ. ‘ಫೈನಲ್’, ‘ಫೈನಲ್ ಹೊಸದು’, ‘ಪಕ್ಕಾ ಫೈನಲ್’ ಎಂದು ಹೆಸರಿಟ್ಟವರಿಗೆ ದೇವರೇ ಗತಿ.

ಈಗ ಟೆಂಪೋ. ಒಂದು ದೃಶ್ಯ ಹಿಡಿಯೋಣ. ಸಂಗೀತ 01:04:10:00ಕ್ಕೆ ಶುರುವಾಗಬೇಕು. ಬಾಗಿಲು ತೆರೆದು ತಾಯಿಯ ಮುಖ ಕಾಣುವುದು 01:04:31:12ಕ್ಕೆ. ನಡುವೆ 21.5 ಸೆಕೆಂಡ್. ನಿಮ್ಮ ಮನಸ್ಸಿನಲ್ಲಿರುವ ನಡೆ 88ರದ್ದು, ಆದಿತಾಳ. 88ರಲ್ಲಿ 21.5 ಸೆಕೆಂಡಿಗೆ ಮೂವತ್ತೊಂದೂವರೆ ಎಣಿಕೆ ಆಗುತ್ತದೆ. ಮುಖ ಕಂಡಾಗ ತಾಳ ಎತ್ತಲೂ ಇಲ್ಲ, ಇಳಿಸಲೂ ಇಲ್ಲ, ನಡುವೆ ನೇತಾಡುತ್ತಿದೆ. ನಾಲ್ಕು ಆವರ್ತ ಎಂದರೆ 32 ಎಣಿಕೆ, 88ರಲ್ಲಿ ಅದಕ್ಕೆ 21.8 ಸೆಕೆಂಡ್ ಬೇಕು. ಐದನೇ ಆವರ್ತದ ಸಮ, ಅಂದರೆ ಮೊದಲ ಎಣಿಕೆ, ಏಳೆಂಟು ಫ್ರೇಮ್ ತಡವಾಗಿ ಬೀಳುತ್ತದೆ. ಇಲ್ಲಿ ಸೂತ್ರ ಒಂದೇ: ಬೇಕಾದ ಎಣಿಕೆಯನ್ನು 60ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿ. 32 ಗುಣಿಸು 60, ಭಾಗಿಸು 21.5, ಬಂದದ್ದು 89.3. 88ಕ್ಕೂ 89.3ಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಒಂದೂವರೆ. ಮೃದಂಗದವರಿಗೂ ಅದು ಭಾರವಾಗುವುದಿಲ್ಲ. ಅದೇ, 88 ಇದ್ದದ್ದು 97 ಮಾಡಬೇಕಾಗಿ ಬಂದರೆ ಟೆಂಪೋ ಮುಟ್ಟಬೇಡಿ, ಎಣಿಕೆಯನ್ನೇ ಬದಲಿಸಿ ಅಥವಾ ಶುರುವನ್ನು ಸರಿಸಿ. ಟೆಂಪೋ ದೃಶ್ಯದ ಉಸಿರು, ಅದನ್ನು ಒಂದು ಬಾಗಿಲಿಗಾಗಿ ಬಲಿಕೊಡಬಾರದು.

ಹಾಗೆ ನೋಡಿದರೆ ಆ ಬಾಗಿಲಿಗೆ ಹಿಟ್ ಬೇಕೇ ಬೇಕೇ? ಕಲಿಯುವವರು ಮಾಡುವ ದೊಡ್ಡ ತಪ್ಪು ಪ್ರತಿ ಕಟ್‌ಗೂ ಡಮ್ ಎನ್ನಿಸುವುದು. ಎರಡು ನಿಮಿಷದ ದೃಶ್ಯದಲ್ಲಿ ಎರಡು ಜಾಗ ಸರಿಯಾಗಿ ಸಿಕ್ಕರೆ ಪ್ರೇಕ್ಷಕನ ಕಣ್ಣು ಉಳಿದದ್ದನ್ನು ತಾನೇ ಜೋಡಿಸಿಕೊಳ್ಳುತ್ತದೆ. ಹಿಟ್ ಅನ್ನು ಕಟ್ ಆದ ಫ್ರೇಮಿನ ಮೇಲೇ ಇಡುವುದಕ್ಕಿಂತ ಎರಡು ಮೂರು ಫ್ರೇಮ್ ಆಚೆ ಇಟ್ಟರೆ ಹಿತವಾಗಿ ಕೂರುತ್ತದೆ. ಹೊಸ ಚಿತ್ರವನ್ನು ಕಣ್ಣು ಗುರುತಿಸಲು ಅಷ್ಟು ಹೊತ್ತು ಬೇಕು. ಮುಂಚೆ ಬಂದ ಸದ್ದು ಮಾತ್ರ ಕ್ಷಮೆಯಿಲ್ಲದ್ದು. ಗುಡುಗಿಗಿಂತ ಮೊದಲು ಮಿಂಚು ಕಾಣುವುದು ನಮಗೆ ಹುಟ್ಟಿನಿಂದ ಅಭ್ಯಾಸ, ತಿರುಗುಮುರುಗು ಆದರೆ ಮನಸ್ಸು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ ಸದ್ದು 45 ಮಿಲಿಸೆಕೆಂಡ್ ಮುಂಚೆ ಬಂದರೇ ಗೊತ್ತಾಗುತ್ತದೆ, ತಡವಾದರೆ 125ರ ತನಕ ಗೊತ್ತಾಗುವುದಿಲ್ಲ. ಒಂದು ಫ್ರೇಮ್ ಮುಂಚೆ, ಮೂರು ಫ್ರೇಮ್ ತಡ. ಚಿತ್ರಮಂದಿರದ ಉದ್ದವನ್ನೂ ಇದಕ್ಕೆ ಸೇರಿಸಿ. ಒಂದು ಫ್ರೇಮ್ ಹೊತ್ತಿಗೆ ಶಬ್ದ ಸುಮಾರು 14 ಮೀಟರ್ ಹೋಗುತ್ತದೆ. ಪರದೆಯಿಂದ 28 ಮೀಟರ್ ಹಿಂದೆ ಕೂತವರಿಗೆ ಎಲ್ಲವೂ ಎರಡು ಫ್ರೇಮ್ ತಡವಾಗಿಯೇ ಕೇಳುತ್ತದೆ.

ಇನ್ನು ನಿಜವಾದ ಕಷ್ಟ. ‘ಎಡಿಟ್ ಲಾಕ್ ಆಗಿದೆ’ ಎಂದು ಹೇಳಿ ರೀಲ್ ಕೊಟ್ಟಿರುತ್ತಾರೆ. ರೆಕಾರ್ಡಿಂಗ್ ಮುಗಿಯುತ್ತದೆ, ವಾದ್ಯದವರು ಮನೆಗೆ ಹೋಗಿರುತ್ತಾರೆ, ಆಮೇಲೆ ಫೋನ್ ಬರುತ್ತದೆ: ಆ ಸೀನ್‌ನಲ್ಲಿ ಸ್ವಲ್ಪ ಟ್ರಿಮ್ ಮಾಡಿದ್ದೇವೆ. ಸ್ವಲ್ಪ ಎಂದರೆ ಎಷ್ಟು ಎಂದು ಫ್ರೇಮಿನಲ್ಲಿ ಕೇಳಿ, ಎಲ್ಲೆಲ್ಲಿ ಎಷ್ಟು ಬದಲಾಗಿದೆ ಎಂಬ ಪಟ್ಟಿ, ಚೇಂಜ್ ಲಿಸ್ಟ್, ಕೇಳಿ. ಅದು ಸಿಗದಿದ್ದರೆ ಹಳೆಯ ಮತ್ತು ಹೊಸ ವಿಡಿಯೊವನ್ನು ಎರಡು ಟ್ರ್ಯಾಕ್‌ನಲ್ಲಿಟ್ಟು ಕಟ್ ಕಟ್ ಹೋಲಿಸಿ.

ಹೊಸ ಚಿತ್ರದಲ್ಲಿ 82 ಫ್ರೇಮ್ ಕಡಿಮೆಯಾಗಿದೆ ಎನ್ನೋಣ. ಸಂಗೀತದ ಟೆಂಪೋ 90, ಬೀಟ್‌ಗೆ 16 ಫ್ರೇಮ್. ಕ್ಯಾಲ್ಕುಲೇಟರ್ ಹೇಳುವುದು: ಐದು ಬೀಟ್ ತೆಗೆ, 80 ಹೋಗುತ್ತದೆ, ಉಳಿದ ಎರಡು ಫ್ರೇಮ್ ಎಲ್ಲಾದರೂ ಮುಚ್ಚಿಹೋಗುತ್ತದೆ. ತಂತಿವಾದ್ಯಗಳು ಒಂದೇ ಸ್ವರ ಹಿಡಿದು ನಿಂತ ಜಾಗವಾದರೆ ಹಾಗೇ ಮಾಡಿ. ಆದರೆ ಅಲ್ಲಿ ಮೃದಂಗವೋ ತಬಲವೋ ನಡೆಯುತ್ತಿದ್ದರೆ ಐದು ಎಣಿಕೆ ಕತ್ತರಿಸಿದ ತಕ್ಷಣ ತಾಳ ಮುಗ್ಗರಿಸುತ್ತದೆ. ಕಚೇರಿ ಕೇಳಿದ ಕೈಗಳು ತೊಡೆಯ ಮೇಲೆ ತಾಳ ಹಾಕುತ್ತಲೇ ಚಿತ್ರ ನೋಡುವ ಊರು ನಮ್ಮದು. ಆದಿತಾಳದಲ್ಲಿ ನಾಲ್ಕು ತೆಗೆದರೂ ನಾಲ್ಕೆಣಿಕೆಯ ಲಘು ಹೋಗಿ ಎರಡೆರಡು ಎಣಿಕೆಯ ದ್ರುತಗಳು ಮಾತ್ರ ಉಳಿಯುತ್ತವೆ. ಆಗ ಎಂಟೆಣಿಕೆಯ ಇಡೀ ಆವರ್ತವನ್ನೇ ತೆಗೆಯಿರಿ, 128 ಫ್ರೇಮ್. ಈಗ 46 ಫ್ರೇಮ್ ಹೆಚ್ಚಾಗಿ ಹೋಯಿತು, ಹಿಟ್ ಸುಮಾರು ಎರಡು ಸೆಕೆಂಡ್ ಮುಂಚೆ ಬರುತ್ತಿದೆ. ಆ 46 ಫ್ರೇಮನ್ನು ತಾಳ ಶುರುವಾಗುವ ಮುಂಚಿನ ತಂಬೂರಿ ನಾದದಲ್ಲಿ ಸೇರಿಸಿ. ತಾಳ ಇರುವಲ್ಲಿ ಆವರ್ತದ ಲೆಕ್ಕದಲ್ಲಿ ತೆಗೆದು, ತಾಳ ಇಲ್ಲದಲ್ಲಿ ಫ್ರೇಮಿನ ಲೆಕ್ಕದಲ್ಲಿ ತುಂಬುವುದು. 1440 ಬಾಯಿಗೆ ಬರಬೇಕು ಎಂದದ್ದು ಇದಕ್ಕೇ. ನಿರ್ದೇಶಕರು ಪಕ್ಕದಲ್ಲಿ ನಿಂತು ಕಾಫಿ ಕುಡಿಯುತ್ತಿರುವಾಗ ಈ ಲೆಕ್ಕ ಹತ್ತು ಸೆಕೆಂಡಿನಲ್ಲಿ ಆಗಬೇಕು.

ಕತ್ತರಿ ಹಾಕುವ ಜಾಗ ಪೆಟ್ಟು ಬೀಳುವುದಕ್ಕೆ ಕೂದಲೆಳೆಯಷ್ಟು ಮುಂಚೆ ಇರಲಿ, ಒಂದು ಆರುತ್ತಾ ಇನ್ನೊಂದು ಏಳುವ ಕ್ರಾಸ್‌ಫೇಡ್ ತಾಳವಾದ್ಯಕ್ಕೆ 5ರಿಂದ 10 ಮಿಲಿಸೆಕೆಂಡ್ ಸಾಕು. ಉದ್ದದ ತಂತಿನಾದಕ್ಕೆ ಅರ್ಧ ಸೆಕೆಂಡೂ ಬೇಕಾಗಬಹುದು. ಹಿಂದಿನ ಸ್ವರದ ರಿವರ್ಬ್ ಬಾಲ ಕತ್ತರಿಸಿಹೋದರೆ ಬಾಗಿಲು ಮುಚ್ಚಿದ ಹಾಗೆ ಕೇಳುತ್ತದೆ. ಅದಕ್ಕೇ ಎರಡು ಟ್ರ್ಯಾಕ್ ಬಳಸಿ, ಹಳೆಯದರ ಬಾಲ ಹೊಸದರ ಕೆಳಗೆ ಆರಿಹೋಗಲಿ. ವೀಣೆ, ಕೊಳಲು, ಕಂಠ ಇದ್ದಲ್ಲಿ ಗಮಕದ ನಡುವೆ ಕತ್ತರಿಸಬೇಡಿ. ಸ್ವರ ಎರಡು ಸ್ಥಾನಗಳ ಮಧ್ಯೆ ಜಾರುತ್ತಿರುವಾಗ ಕಡಿದರೆ ಅಪಸ್ವರಕ್ಕಿಂತ ಕೆಟ್ಟದ್ದು ಹುಟ್ಟುತ್ತದೆ. ಉಸಿರು ತೆಗೆದುಕೊಳ್ಳುವಲ್ಲಿ ಕತ್ತರಿಸಿ, ಉಸಿರನ್ನು ಮಾತ್ರ ಉಳಿಸಿ. ಸ್ಟೆಮ್‌ಗಳು, ಅಂದರೆ ವಾದ್ಯಗಳ ಗುಂಪಿಗೊಂದರಂತೆ ಬೇರೆ ಮಾಡಿಟ್ಟ ಟ್ರ್ಯಾಕ್‌ಗಳು, ಆರಿದ್ದರೆ ಆರನ್ನೂ ಗುಂಪು ಮಾಡಿಯೇ ಕತ್ತರಿಸಿ. ಒಂದು ಬಿಟ್ಟುಹೋದರೆ ಮಿಕ್ಸಿಂಗ್ ದಿನವೇ ಗೊತ್ತಾಗುವುದು.

ಎರಡು ತುಣುಕು ಸೇರುವಲ್ಲಿ ಶ್ರುತಿ ನೋಡಿ. ಒಂದೂವರೆ ಮನೆಯ ಶ್ರುತಿಯಲ್ಲಿ (ಸಿ ಶಾರ್ಪ್) ಮುಗಿಯುವುದನ್ನು ಎರಡು ಮನೆಯಲ್ಲಿ (ಡಿ) ಶುರುವಾಗುವುದರ ಮೇಲೆ ಕ್ರಾಸ್‌ಫೇಡ್ ಮಾಡಿದರೆ ಹಲ್ಲು ಜುಮ್ಮೆನ್ನುತ್ತದೆ. ನಡುವೆ ಶ್ರುತಿಯಿಲ್ಲದ ಸದ್ದಿರಲಿ, ಡೋಲಿನ ಒಂದು ಪೆಟ್ಟೋ, ಬಸ್ಸಿನ ಬ್ರೇಕೋ. ಏನೂ ಇಲ್ಲದ ಒಂದು ಸೆಕೆಂಡ್ ಅದಕ್ಕಿಂತ ಒಳ್ಳೆಯದು.

ಹಾಡಿನ ಶೂಟಿಂಗ್‌ಗೆ ಟ್ರ್ಯಾಕ್ ಕೊಡುವಾಗಲೂ ಇದೇ ಲೆಕ್ಕ. 48 ಫ್ರೇಮಿನಲ್ಲಿ ಚಿತ್ರೀಕರಿಸಿ ಸ್ಲೋಮೋಷನ್‌ನಲ್ಲಿ ತುಟಿ ಕೂಡಬೇಕಾದರೆ ಹಾಡು ಎರಡು ಪಟ್ಟು ವೇಗದಲ್ಲಿ ಓಡಬೇಕು, 36ಕ್ಕೆ ಒಂದೂವರೆ ಪಟ್ಟು. ಎರಡೂ ಫೈಲ್ ಮೊದಲೇ ಮಾಡಿಟ್ಟುಕೊಳ್ಳಿ, ಪಲ್ಲವಿಗೆ ಮುಂಚೆ ನಾಲ್ಕು ಬೀಪ್ ಹಾಕಿ. ಸ್ಪೀಕರ್ ಕಲಾವಿದರಿಂದ 14 ಮೀಟರ್ ದೂರವಿದ್ದರೆ ಅವರ ತುಟಿ ಒಂದು ಫ್ರೇಮ್ ತಡ ಎಂಬುದು ನೆನಪಿರಲಿ. ಇನ್ನೊಂದು: ಟ್ರ್ಯಾಕ್ ಗಾಯಕರ, ಅಂದರೆ ತಾತ್ಕಾಲಿಕವಾಗಿ ಹಾಡಿಕೊಟ್ಟವರ, ದನಿಯಲ್ಲಿ ಶೂಟ್ ಆದ ಹಾಡಿಗೆ ಫೈನಲ್ ಮಿಕ್ಸ್‌ನಲ್ಲಿ ಎರಡು ಬಾರ್ ಇಂಟ್ರೊ ಸೇರಿಸಿದ್ದರೆ ಎಡಿಟರ್‌ಗೆ ಫ್ರೇಮ್ ಲೆಕ್ಕದಲ್ಲಿ ತಿಳಿಸಿ.

ಕೊನೆಯದು ಕ್ಯೂ ಶೀಟ್. ಪ್ರತಿ ತುಣುಕಿನ ಹೆಸರು, ಸಂಯೋಜಕರು, ಸಾಹಿತಿ, ಹಕ್ಕುದಾರರು, ಎಷ್ಟು ನಿಮಿಷ ಎಷ್ಟು ಸೆಕೆಂಡ್, ಹಿನ್ನೆಲೆಯೋ ಅಥವಾ ದೃಶ್ಯದೊಳಗಿನ ರೇಡಿಯೊದಿಂದ ಬಂದದ್ದೋ. ಚಿತ್ರಮಂದಿರದ ಆಚೆಗಿನ ಬಳಕೆಗೆ ಸಂಯೋಜಕರಿಗೂ ಗೀತರಚನಕಾರರಿಗೂ ರಾಯಲ್ಟಿಯ ಪಾಲು ಉಳಿಯಬೇಕೆಂದು 2012ರ ಕೃತಿಸ್ವಾಮ್ಯ ತಿದ್ದುಪಡಿ ಹೇಳುತ್ತದೆ. ರಾಯಲ್ಟಿ ಸಂಗ್ರಹಿಸುವ ಸಂಸ್ಥೆಯಾದ ಐಪಿಆರ್‌ಎಸ್ ಹಂಚುವ ಹಣಕ್ಕೆ ಈ ಹಾಳೆಯೇ ಆಧಾರ. ನೀವು 40 ಸೆಕೆಂಡನ್ನು 4 ಎಂದು ಬರೆದರೆ ಯಾರದೋ ಮನೆಯ ಅನ್ನ ಅಷ್ಟು ಕಡಿಮೆಯಾಯಿತು.

ಹಳೆಯ ಹಾಡು ಬಳಸುವಾಗ 30 ಸೆಕೆಂಡಿನೊಳಗೆ ಇದ್ದರೆ ತಕರಾರಿಲ್ಲ ಎಂಬ ಮಾತು ಕೇಳಿರುತ್ತೀರಿ. ಅಂಥ ನಿಯಮ ನಮ್ಮ ಕಾಯ್ದೆಯಲ್ಲಿ ಇಲ್ಲ. ಪುರಂದರದಾಸರ ಸಾಹಿತ್ಯ ಎಲ್ಲರದು. ಆದರೆ 1972ರಲ್ಲಿ ಬಿಡುಗಡೆಯಾದ ಅದರ ಧ್ವನಿಮುದ್ರಿಕೆಗೆ 60 ವರ್ಷ, 2032ರ ಕೊನೆಯ ತನಕ ಹಕ್ಕಿದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2041ರ ಕೊನೆಯ ತನಕ. ಭಾವಗೀತೆಯೊಂದನ್ನು ಬಳಸಲು ಕವಿಯ ಕಡೆಯವರು, ರಾಗ ಹಾಕಿದವರು, ಮುದ್ರಿಸಿದ ಕಂಪನಿ, ಮೂರೂ ಬಾಗಿಲು ತಟ್ಟಬೇಕು.

ಈಗ ನಿಮ್ಮ ಮುಂದಿನ ಯಂತ್ರಗಳಲ್ಲಿ ಎರಡು ನಿಮಿಷದ ಒಂದು ದೃಶ್ಯ, ಆರು ಸ್ಟೆಮ್ ಇವೆ. ಮೃದಂಗ ಮೂವತ್ತನೇ ಸೆಕೆಂಡಿಗೆ ಶುರುವಾಗುತ್ತದೆ. ಚಿತ್ರದಿಂದ 82 ಫ್ರೇಮ್ ತೆಗೆದಿದ್ದೇವೆ, ಎಲ್ಲಿ ಎಂದು ಹುಡುಕಿ. ಫ್ರೇಮ್ ರೇಟ್ ಎಷ್ಟು ಎಂದು ಮಾತ್ರ ಹೇಳುವುದಿಲ್ಲ. ಪಾಪ್ ಎರಡೂ ತುದಿಯಲ್ಲಿದೆ.