ನೋಡಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬೀದಿಯಲ್ಲಿ ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರಿದ್ದರು. ಬೀದಿಗೆಲ್ಲ ಅವರ ಮನೆಯಲ್ಲೊಂದೇ ಟಿ.ವಿ. ಭಾನುವಾರ ಸಂಜೆಯಾದರೆ ನಾವು ಹುಡುಗರೆಲ್ಲ ಅಲ್ಲೇ. ಒಂದು ಸಲ ಯುದ್ಧದ ಸಿನಿಮಾ ಬಂತು. ಹೀರೋ ಮೆಷಿನ್‌ಗನ್ ಹಿಡಿದು ಒಬ್ಬನೇ ಬೆಟ್ಟ ಹತ್ತುತ್ತಿದ್ದಾನೆ. ಗುಂಡು ಮುಗಿಯುವ ಮಾತೇ ಇಲ್ಲ. ನಾವು ಶಿಳ್ಳೆ ಹೊಡೆದೆವು. ಸುಬೇದಾರರು ಲೋಟದ ಚಹಾ ಕುಡಿಯುತ್ತಾ ಒಂದೇ ಮಾತು ಕೇಳಿದರು. “ಅಲ್ಲಾ, ಇವನಿಗೆ ಗುಂಡು ಹೊತ್ತು ತಂದುಕೊಡೋನು ಎಲ್ಲಿ?”

ನಮಗೆ ನಗು ಬಂತು. ಸಿನಿಮಾದಲ್ಲಿ ಇದನ್ನೆಲ್ಲ ಕೇಳಬಾರದು ಅಂತ ಅವರಿಗೆ ಗೊತ್ತಿಲ್ಲ ಅಂದುಕೊಂಡೆವು. ಈಗ ಯಾವ ಯುದ್ಧದ ಸಿನಿಮಾಗೆ ಹೋದರೂ ನಾನು ಮೊದಲು ಹುಡುಕುವುದು ಆ ಗುಂಡು ಹೊತ್ತವನನ್ನೇ. ನೀರು ಎಲ್ಲಿಂದ ಬಂತು? ಡೀಸೆಲ್ ಎಷ್ಟಿತ್ತು? ಇವರು ಊಟ ಮಾಡಿ ಎಷ್ಟು ಹೊತ್ತಾಯಿತು? ಇದಕ್ಕೆ ಉತ್ತರ ಇಟ್ಟುಕೊಂಡ ಸಿನಿಮಾ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಯಾಕಂದರೆ ಯುದ್ಧದ ನಿಜವಾದ ಬಿಗಿ ಇರುವುದೇ ಅಲ್ಲಿ.

ಲೋಂಗೆವಾಲ ನೋಡಿ. 1971ರ ಡಿಸೆಂಬರ್ 4ರ ರಾತ್ರಿ. ಜೈಸಲ್ಮೇರ್ ಕಡೆಯ ಮರಳುಗಾಡಿನ ಒಂದು ಗಡಿ ಠಾಣೆ. ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ, ಸುಮಾರು 120 ಜನ. ಎದುರಿಗೆ ನಲವತ್ತಕ್ಕೂ ಜಾಸ್ತಿ ಟ್ಯಾಂಕ್. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಮುಂದೆ ಎರಡು ದಾರಿ ಇದ್ದವು: ಅಲ್ಲೇ ನಿಲ್ಲುವುದು, ಇಲ್ಲವೇ ಹಿಂದೆ ಸರಿಯುವುದು. ಸರಿಯೋಣ ಅಂದರೆ ಗಾಡಿ ಇಲ್ಲ. ಮರಳಿನಲ್ಲಿ ನಡೆದು ಹೊರಟರೆ ಟ್ಯಾಂಕು ಹಿಂದೆಯೇ ಬರುತ್ತದೆ. ಅವರು ನಿಂತರು. ಜೈಸಲ್ಮೇರ್‌ನಲ್ಲಿ ನಮ್ಮ ಹಂಟರ್ ವಿಮಾನಗಳೇನೋ ಇದ್ದವು. ಆದರೆ ಅವು ರಾತ್ರಿ ಹೊತ್ತಿನಲ್ಲಿ ಬಂದು ದಾಳಿ ಮಾಡುವ ಹಾಗಿರಲಿಲ್ಲ. ಬೆಳಕು ಹರಿಯಬೇಕು. ಅಲ್ಲಿಯವರೆಗೆ ಕಾಯಬೇಕು.

ಈ ಕಾಯುವುದಿದೆಯಲ್ಲಾ, ಅದೇ ಸಿನಿಮಾ. ನನಗೆ ತುಂಬಾ ಇಷ್ಟವಾದ ವಿವರ ಇನ್ನೊಂದಿದೆ. ಮುಂದೆ ಬಂದ ಪಾಕಿಸ್ತಾನಿ ಪಡೆಗೆ ಮುಳ್ಳುತಂತಿ ಕಂಡಿತು. ತಂತಿ ಇದೆ ಅಂದಮೇಲೆ ಅದರಾಚೆ ನೆಲಬಾಂಬ್ ಹುಗಿದಿರಬೇಕು ಅಂದುಕೊಂಡು ಅವರು ನಿಂತುಬಿಟ್ಟರು. ಸುಮಾರು ಎರಡು ಗಂಟೆ ಹುಡುಕಾಡಿದರು. ಅಲ್ಲಿ ಬಾಂಬೇ ಇರಲಿಲ್ಲ! ಒಂದು ಸುರುಳಿ ತಂತಿ ಎರಡು ಗಂಟೆ ಗಳಿಸಿಕೊಟ್ಟಿತು. ಇಂಥದ್ದನ್ನು ಯಾವ ಚಿತ್ರಕಥೆಗಾರ ಕುಳಿತು ಕಟ್ಟಲು ಸಾಧ್ಯ?

ಈ ಕಾಳಗದ ಮೇಲೆ 1997ರಲ್ಲಿ ‘ಬಾರ್ಡರ್’ ಬಂತು. ದೊಡ್ಡ ಹಿಟ್. ಅದರ ಹಾಡು ಕೇಳಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಸಿನಿಮಾದಲ್ಲಿ ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರ ಸಾಯುತ್ತದೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಗಡಿ ಭದ್ರತಾ ಪಡೆಯವರು. ಅವರು ತೀರಿಕೊಂಡದ್ದು 2022ರ ಡಿಸೆಂಬರ್‌ನಲ್ಲಿ, ಜೋಧಪುರದಲ್ಲಿ. ಅಂದರೆ ತೆರೆಯ ಮೇಲೆ ಸತ್ತ ಮೇಲೆ ಆ ಮನುಷ್ಯ ಇಪ್ಪತ್ತೈದು ವರ್ಷ ಬದುಕಿದ್ದರು. ತಮ್ಮದೇ ಸಾವನ್ನು ಟಿ.ವಿ.ಯಲ್ಲಿ ಎಷ್ಟು ಸಲ ನೋಡಿರಬಹುದು, ಪಾಪ! ಆ ರಾತ್ರಿ ಠಾಣೆಯಲ್ಲಿ ಸತ್ತ ನಮ್ಮ ಸೈನಿಕರು ಇಬ್ಬರು. ಅಷ್ಟೊಂದು ಟ್ಯಾಂಕಿನ ಮುಂದೆ ಅಷ್ಟು ಜನ ಉಳಿದುಕೊಂಡದ್ದೇ ಪವಾಡ. ಸಿನಿಮಾದವರಿಗೆ ಆ ಪವಾಡ ಸಾಕಾಗಲಿಲ್ಲ. ಕಣ್ಣೀರು ಬೇಕಿತ್ತು. ಬದುಕಿ ಬಂದವರ ಕಥೆಗೆ ಕಣ್ಣೀರು ಬರುವುದಿಲ್ಲ ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಸುಬೇದಾರರ ಪ್ರಶ್ನೆಯ ಜೊತೆಗೆ ನಾನು ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ. ಇದನ್ನು ನೋಡಿದವರು ಯಾರು? ಬಂದು ಹೇಳಿದವರು ಯಾರು? ಎಷ್ಟೋ ಸಲ ಕಾಳಗಕ್ಕಿಂತ ಆ ಸುದ್ದಿ ಊರು ಮುಟ್ಟಿದ ದಾರಿಯೇ ದೊಡ್ಡ ಕಥೆಯಾಗಿರುತ್ತದೆ.

ಲಡಾಖಿನ ರೆಜಾಂಗ್ ಲಾ. ಚೀನಾ ಜೊತೆಗಿನ ಯುದ್ಧ, 1962ರ ನವೆಂಬರ್ 18. ಹದಿನಾರು ಸಾವಿರ ಅಡಿಗೂ ಮೇಲೆ, ಮೇಜರ್ ಶೈತಾನ್ ಸಿಂಗ್ ಅವರ ಕುಮಾಂವ್ ಕಂಪನಿ. ನಡುವೆ ಗುಡ್ಡ ಅಡ್ಡ ಇದ್ದದ್ದರಿಂದ ನಮ್ಮ ಫಿರಂಗಿಗಳ ನೆರವೂ ಅವರಿಗೆ ಸಿಗುವಂತಿರಲಿಲ್ಲ. 114 ಜನ ಸತ್ತರು. ಬದುಕಿ ಬಂದ ಕೆಲವರು ನಡೆದದ್ದನ್ನು ಹೇಳಿದರೆ ಯಾರೂ ಮೊದಲು ನಂಬಲಿಲ್ಲ. ಸೋತ ಯುದ್ಧ ಅದು. ಸೋತ ಊರಿನಲ್ಲಿ ಬದುಕಿ ಬಂದವನ ಮೇಲೇ ಅನುಮಾನ. ಮುಂದಿನ ವರ್ಷದ ಆರಂಭದಲ್ಲಿ ಕುರಿ ಕಾಯುವವನೊಬ್ಬ ಆ ಕಡೆ ಹೋದ. ಮಂಜಿನಲ್ಲಿ ಎಲ್ಲರೂ ಹಾಗೇ ಇದ್ದರು. ಕೈಯಲ್ಲಿ ಬಂದೂಕು ಹಾಗೇ ಇತ್ತು. ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದವನ ಕೈಯಲ್ಲಿ ಸಿರಿಂಜ್ ಇತ್ತು. ಮನುಷ್ಯರು ಹೇಳಿದ್ದನ್ನು ನಂಬದವರು ಮಂಜು ಹೇಳಿದ್ದನ್ನು ನಂಬಬೇಕಾಯಿತು.

ನಮ್ಮ ಕನ್ನಡದಲ್ಲಿ ಸೈನಿಕರ ಸಿನಿಮಾ ಅಂದರೆ ಎಲ್ಲರಿಗೂ ನೆನಪಾಗುವುದು 1990ರ ‘ಮುತ್ತಿನಹಾರ’, ಅಲ್ವಾ? ವಿಷ್ಣುವರ್ಧನ್ ಅದರಲ್ಲಿ ಕೊಡಗಿನ ಯೋಧ. ಆ ಸಿನಿಮಾ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಬಂದೂಕಿನ ಸದ್ದಲ್ಲ, ಗಂಡ ಹೆಂಡತಿಯ ಕಥೆ. ಅದು ಕಟ್ಟುಕಥೆ. ಕೊಡಗಿನದೇ ಒಂದು ನಿಜವಾದ ಕಥೆ ಇದೆ, ನೋಡಿದವರು ಯಾರು ಎಂಬ ಪ್ರಶ್ನೆಯ ಮೇಲೇ ನಿಂತದ್ದು.

ಅಜ್ಜಮಾಡ ಬೋಪಯ್ಯ ದೇವಯ್ಯ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳ ತಂಡ ಒಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಕಡೆಗೆ ಹಾರಿತು. ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ. ಅವರು ಬದಲಿ ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಆ ಜಾಗಕ್ಕೆ. ಆದರೂ ಅವರು ಆ ಬೆಳಗ್ಗೆ ಸರ್ಗೋಧಾ ತಲುಪಿದರು.

ಇಲ್ಲಿ ಸುಬೇದಾರರ ಪ್ರಶ್ನೆ ಕೇಳಲೇಬೇಕು. ಸರ್ಗೋಧಾ ಅಂದರೆ ಮಿಸ್ಟೇರ್‌ಗೆ ಹೋಗಿ ಬರಲು ಅಳತೆಗೆ ಸರಿಯಾದ ದೂರ. ಹೋಗಬೇಕು, ಹೊಡೆಯಬೇಕು, ಹಾಗೇ ತಿರುಗಬೇಕು. ನಿಂತು ಕಾದಾಡುವಷ್ಟು ಇಂಧನ ಇಲ್ಲ. ವಾಪಸು ಬರುವಾಗ ಹಿಂದೆ ಒಂದು ಸ್ಟಾರ್‌ಫೈಟರ್ ಬಂತು. ಪಾಕಿಸ್ತಾನಕ್ಕೆ ಅಮೆರಿಕ ಕೊಟ್ಟ ವಿಮಾನ ಅದು. ಶಬ್ದದ ಎರಡು ಪಟ್ಟು ವೇಗ. ಪೈಲಟ್ ಅಮ್ಜದ್ ಹುಸೇನ್. ದೇವಯ್ಯನವರ ವಿಮಾನಕ್ಕೆ ಗುಂಡು ಬಿತ್ತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಅವರು ಓಡಲಿಲ್ಲ. ಓಡಿದ್ದರೂ ಆ ವೇಗದ ಮುಂದೆ ಎಷ್ಟು ದೂರ? ಆದರೆ ತಿರುಗುವುದರಲ್ಲಿ ಮಿಸ್ಟೇರ್‌ನದೇ ಮೇಲುಗೈ. ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿ ಅವರು ಸ್ಟಾರ್‌ಫೈಟರ್‌ಗೆ ಹೊಡೆದರು. ಅದು ಬಿತ್ತು. ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ವಾಪಸು ಬರಲಿಲ್ಲ.

ಜೊತೆಗಿದ್ದ ನಮ್ಮವರು ಯಾರೂ ಇದನ್ನು ನೋಡಿರಲಿಲ್ಲ. ಎಲ್ಲರೂ ನೆಲಕ್ಕೆ ತಾಗುವ ಹಾಗೆ ಹಾರುತ್ತಾ ಮನೆ ದಾರಿ ಹಿಡಿದಿದ್ದರು. ನಮ್ಮ ದಾಖಲೆಯಲ್ಲಿ ದೇವಯ್ಯ ‘ಕಾಣೆಯಾದವರು’. ಇಡೀ ಕಾಳಗವನ್ನು ಕಂಡ, ಬದುಕಿದ್ದ ಒಬ್ಬನೇ ಒಬ್ಬ ಸಾಕ್ಷಿ ಅಂದರೆ ಶತ್ರು. 1979ರಲ್ಲಿ ಬ್ರಿಟನ್ನಿನ ಜಾನ್ ಫ್ರಿಕರ್ ಎಂಬ ಲೇಖಕ ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಬಗ್ಗೆ ಪುಸ್ತಕ ಬರೆದರು. ಸ್ಟಾರ್‌ಫೈಟರನ್ನು ಬೀಳಿಸಿದ್ದು ಒಂದು ಮಿಸ್ಟೇರ್ ಅಂತ ಅದರಲ್ಲಿ ಇತ್ತು. ಯಾವ ಮಿಸ್ಟೇರ್? ಲೆಕ್ಕ ಸುಲಭ. ಬೆಳಗಿನ ಆ ದಾಳಿಗೆ ಹೋದವರಲ್ಲಿ ಬಾರದಿದ್ದದ್ದು ಒಬ್ಬರೇ.

ತನೇಜಾ ಅವರು ಇದನ್ನು ಬಿಡಲಿಲ್ಲ. ಸರ್ಕಾರಕ್ಕೆ ಬರೆದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಆಗ ಆ ಬೆಳಗು ಕಳೆದು ಇಪ್ಪತ್ಮೂರು ವರ್ಷ. ಪದಕ ತೆಗೆದುಕೊಳ್ಳಲು ಪತ್ನಿ ಹೋದರು. ಇವತ್ತು ಮಡಿಕೇರಿಗೆ ಹೋದರೆ ಅವರ ಪ್ರತಿಮೆ ನೋಡಬಹುದು.

ಈ ಕಥೆಯನ್ನು ಆಧರಿಸಿ 2025ರ ಜನವರಿಯಲ್ಲಿ ಹಿಂದಿಯಲ್ಲಿ ‘ಸ್ಕೈ ಫೋರ್ಸ್’ ಬಂತು. ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 1971ರ ಯುದ್ಧದಲ್ಲಿ ಅಮ್ಜದ್ ಹುಸೇನ್ ಅಮೃತಸರದ ಮೇಲೆ ಹಾರಿ ಬಂದು, ನೆಲದಿಂದ ಹಾರಿದ ಗುಂಡಿಗೆ ಸಿಕ್ಕಿ, ನಮ್ಮ ಕೈಯಲ್ಲೇ ಸೆರೆಯಾಗಿದ್ದರು. ಬೇಕಾದ ಸಾಕ್ಷಿ ನಮ್ಮ ಜೈಲಿನಲ್ಲೇ ಇದ್ದಂತಾಯಿತು! ಸಿನಿಮಾ ಆ ಎಳೆಯನ್ನು ಹಿಡಿದುಕೊಂಡಿದೆ. ಆದರೆ ಎಲ್ಲರ ಹೆಸರನ್ನೂ ಬದಲಿಸಿದ್ದಾರೆ. ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಇಪ್ಪತ್ಮೂರು ವರ್ಷ ಹೆಸರೇ ಇಲ್ಲದೆ ಇದ್ದ ಮನುಷ್ಯ. ಅವನ ಕಥೆ ಹೇಳುವಾಗ ತೆಗೆಯಬಾರದ ವಸ್ತು ಏನಾದರೂ ಇದ್ದರೆ ಅದು ಹೆಸರು. ಕೊಡವರ ಮನೆತನದ ಹೆಸರು ಬರೀ ಹೆಸರಲ್ಲ. ಅಜ್ಜಮಾಡ ಅಂದ ಕೂಡಲೇ ಕೊಡಗಿನಲ್ಲಿ ಒಂದು ಇಡೀ ಒಕ್ಕ ಎದ್ದು ನಿಲ್ಲುತ್ತದೆ.

ನಮ್ಮಲ್ಲಿ ಇನ್ನೂ ತೆರೆ ಕಾಣದ ಕಥೆಗಳೂ ಇವೆ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಪಡೆಗಳು ಭರ್ಜಿ ಹಿಡಿದು, ಮೆಷಿನ್‌ಗನ್ನುಗಳ ಎದುರು ನುಗ್ಗಿ, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದವು. ಮೈಸೂರಿನವರಿಗೆ ಬಂದ ಪಾಲು ಕಾರ್ಮೆಲ್ ಬೆಟ್ಟದ ಕಡಿದಾದ ಏರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಬಸ್ಸಿನಲ್ಲಿ ದಾಟಿ ಹೋಗುತ್ತೇವೆ, ಅಷ್ಟೇ. ಯಾರಾದರೂ ಅದನ್ನು ಸಿನಿಮಾ ಮಾಡಿದರೆ ನನ್ನದೊಂದೇ ಬೇಡಿಕೆ. ಭರ್ಜಿಗಿಂತ ಮೊದಲು ಕುದುರೆಗೆ ನೀರು ಕುಡಿಸುವುದನ್ನು ತೋರಿಸಿ.

ದೇವಯ್ಯನವರ ಕಥೆಯನ್ನು ಅವರದೇ ಹೆಸರಿನಲ್ಲಿ, ಕನ್ನಡದಲ್ಲಿ ಯಾರಾದರೂ ಮಾಡುವುದಾದರೆ ಮೊದಲ ದೃಶ್ಯ ಹೀಗಿರಲಿ ಅಂತ ನನ್ನ ಆಸೆ. ಇದು ನನ್ನ ಕಲ್ಪನೆ, ಇತಿಹಾಸ ಅಲ್ಲ. ಆಕಾಶದಲ್ಲಿ ಏನೂ ಬೇಡ. ಆದಂಪುರದ ನೆಲ. ಬೆಳಕು ಹರಿದಿದೆ. ವಿಮಾನಗಳು ಒಂದೊಂದಾಗಿ ಇಳಿಯುತ್ತಿವೆ. ಮೂಲೆಯಲ್ಲಿ ನಿಂತ ಒಬ್ಬ ನೌಕರ ಬೆರಳು ಮಡಚಿ ಎಣಿಸುತ್ತಿದ್ದಾನೆ. ರಾತ್ರಿ ಇಂಧನ ತುಂಬಿದವನು ಅವನೇ. ಎಷ್ಟು ನಿಮಿಷಕ್ಕೆ ತುಂಬಿದ್ದೇನೆ ಅಂತ ಅವನಿಗೆ ಗೊತ್ತು. ಒಂದು ಬೆರಳು ಇನ್ನೂ ಮಡಚಿಲ್ಲ. ಗಡಿಯಾರ ನೋಡುತ್ತಾನೆ. ಆಮೇಲೆ ಆಕಾಶ ನೋಡುತ್ತಾನೆ. ಮತ್ತೆ ಗಡಿಯಾರ. ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾನೆ. ಆಮೇಲೆ ಬಗ್ಗಿ, ನೆಲದ ಮೇಲಿದ್ದ ಪೈಪನ್ನು ಸುತ್ತಲು ಶುರು ಮಾಡುತ್ತಾನೆ.

ನಮಸ್ಕಾರ.