ಒಂದು ರಾತ್ರಿಯ ನಕ್ಷೆ, ಎರಡು ಬೆನ್ನಿನ ಭ್ರೂಣ

ಕೇಳುಗರಿಗೆ ನಮಸ್ಕಾರ.

ನಾವೆಲ್ಲರೂ ಒಂದೇ ಒಂದು ಜೀವಕೋಶವಾಗಿದ್ದ ಗಳಿಗೆಯೊಂದಿತ್ತು. ಆ ಒಂದು ಎರಡಾಯಿತು, ಎರಡು ನಾಲ್ಕಾಯಿತು. ಬರಬರುತ್ತಾ ಕೆಲವು ಮಿದುಳಾದವು, ಕೆಲವು ಚರ್ಮವಾದವು, ಇನ್ನು ಕೆಲವು ಹೃದಯವಾಗಿ ಬಡಿಯತೊಡಗಿದವು. ಯಾವ ಕೋಶ ಏನಾಗಬೇಕೆಂದು ಅವುಗಳಿಗೆ ಹೇಳಿಕೊಟ್ಟವರು ಯಾರು? ತಳಿವಿಜ್ಞಾನ, ಕೋಶವಿಜ್ಞಾನ, ಭ್ರೂಣದ ಬೆಳವಣಿಗೆಯ ವಿಜ್ಞಾನ ಎಂದು ವಿಶ್ವವಿದ್ಯಾಲಯಗಳಲ್ಲಿ ಮೂರು ಹೆಸರುಗಳಿವೆ. ಮೂರೂ ಸುತ್ತಿ ಬಂದು ನಿಲ್ಲುವುದು ಈ ಪ್ರಶ್ನೆಯ ಎದುರಿಗೇ. ಅಲ್ಲಿನ ಪ್ರಾಧ್ಯಾಪಕರ ಸಂಶೋಧನೆಗಳನ್ನು ಓದುವಾಗಲೆಲ್ಲ ನನ್ನ ಗಮನ ಹೋಗುವುದು ಅವರ ಪಕ್ಕದಲ್ಲಿ ಕುಳಿತ ವಿದ್ಯಾರ್ಥಿಯ ಕಡೆಗೆ. ಇಂದು ಹೇಳಬೇಕೆಂದಿರುವುದು ಆ ವಿದ್ಯಾರ್ಥಿಗಳ ಕಥೆಯನ್ನು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಒಂದು ಇಕ್ಕಟ್ಟಾದ ಕೋಣೆಯಿತ್ತು. ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು ಹಾಕಿ ಅಲ್ಲಿ ಹಣ್ಣಿನ ನೊಣಗಳನ್ನು ಸಾಕುತ್ತಿದ್ದರು. 1910ರಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಗಂಡು ನೊಣವೊಂದು ಕಾಣಿಸಿಕೊಂಡಿತು. ಅದರ ಸಂತತಿಯನ್ನು ಲೆಕ್ಕ ಹಾಕುತ್ತಾ ಹೋದ ಮಾರ್ಗನ್, ಕಣ್ಣಿನ ಬಣ್ಣದ ವಂಶವಾಹಿ ಲಿಂಗವನ್ನು ನಿರ್ಧರಿಸುವ ಎಕ್ಸ್ ವರ್ಣತಂತುವಿನ ಮೇಲಿದೆ ಎಂದು ತೋರಿಸಿದರು.

ಆ ಕೋಣೆಯಲ್ಲಿ ಆಲ್‌ಫ್ರೆಡ್ ಸ್ಟರ್ಟೆವಂಟ್ ಎಂಬ ಪದವಿ ವಿದ್ಯಾರ್ಥಿಯಿದ್ದ. ಒಂದೇ ವರ್ಣತಂತುವಿನ ಮೇಲಿರುವ ಎರಡು ವಂಶವಾಹಿಗಳು ಸಾಮಾನ್ಯವಾಗಿ ಜೊತೆಯಾಗಿಯೇ ಮರಿಗೆ ದಾಟುತ್ತವೆ. ಆದರೆ ಜೋಡಿ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಂಡಾಗ ಆ ಜೊತೆ ಮುರಿಯುವುದೂ ಉಂಟು. ದೂರ ಹೆಚ್ಚಿದ್ದಷ್ಟೂ ಮುರಿಯುವುದು ಹೆಚ್ಚು ಎಂಬುದು ಮಾರ್ಗನ್ ಅವರ ಊಹೆ. 1911ರಲ್ಲಿ ಗುರುಗಳೊಡನೆ ಈ ಮಾತು ನಡೆಯುತ್ತಿದ್ದಾಗ ಶಿಷ್ಯನಿಗೆ ಹೊಳೆಯಿತು: ಹಾಗಿದ್ದರೆ ಜೊತೆ ಮುರಿದ ಲೆಕ್ಕವನ್ನೇ ಅಳತೆಗೋಲಾಗಿ ಹಿಡಿದು ಯಾವುದರ ಪಕ್ಕ ಯಾವುದಿದೆ ಎಂದು ಹೇಳಬಹುದಲ್ಲವೇ! ಅಂಕಿಗಳನ್ನು ಮನೆಗೆ ಒಯ್ದು, ಕಾಲೇಜಿನ ಮನೆಪಾಠವನ್ನು ಬದಿಗಿಟ್ಟು, ರಾತ್ರಿಯ ಬಹುಪಾಲು ಕುಳಿತ. ಬೆಳಗಾಗುವ ಹೊತ್ತಿಗೆ ಐದು ವಂಶವಾಹಿಗಳು ಒಂದು ಗೆರೆಯ ಮೇಲೆ ಸಾಲಾಗಿ ನಿಂತಿದ್ದವು. ಜಗತ್ತಿನ ಮೊದಲ ವರ್ಣತಂತು ನಕ್ಷೆ ಅದು, 1913ರಲ್ಲಿ ಪ್ರಕಟವಾಯಿತು. ಆ ಐದರ ಅನುಕ್ರಮ ಇಂದಿಗೂ ಬದಲಾಗಿಲ್ಲ. ಕಣ್ಣಿಗೆ ಕಾಣದ ವಸ್ತುವಿನ ವಿಳಾಸವನ್ನು ನೊಣಗಳ ಎಣಿಕೆಯಿಂದಲೇ ಬರೆದಿಟ್ಟ ಆ ರಾತ್ರಿಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೋಶವಿಜ್ಞಾನದಲ್ಲೂ ಇಂಥದೇ ಮಾತಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀಲ್ಯಾಂಡ್ ಹಾರ್ಟ್‌ವೆಲ್, ಯೀಸ್ಟ್ ಕೋಶ ಹೇಗೆ ವಿಭಜನೆಯಾಗುತ್ತದೆ ಎಂದು ಹುಡುಕುತ್ತಿದ್ದರು. ಈ ಯೀಸ್ಟ್ ನಡುವೆ ಸೀಳುವುದಿಲ್ಲ, ಮೈಮೇಲೆ ಮೊಗ್ಗು ಬಿಡುತ್ತದೆ. ಮೊಗ್ಗು ಎಷ್ಟು ದೊಡ್ಡದಿದೆ ಎಂದು ನೋಡಿದರೆ ಸಾಕು, ವಿಭಜನೆ ಯಾವ ಹಂತ ತಲುಪಿದೆ ಎಂದು ತಿಳಿಯುತ್ತದೆ. ಬಿಸಿಯಲ್ಲಿ ಮಾತ್ರ ತೋರುವ ದೋಷವುಳ್ಳ ಯೀಸ್ಟನ್ನು ಬಿಸಿಯಲ್ಲಿಟ್ಟಾಗ ಕೋಶಗಳೆಲ್ಲ ಒಂದೇ ಬಗೆಯ ಮೊಗ್ಗು ಹೊತ್ತು ನಿಂತುಬಿಟ್ಟರೆ, ಕೆಟ್ಟಿರುವ ವಂಶವಾಹಿ ಯಾವ ಹಂತದ್ದು ಎಂಬುದು ಗೊತ್ತಾದಂತೆಯೇ. ಹಾರ್ಟ್‌ವೆಲ್ ಅವರಿಗೆ 2001ರಲ್ಲಿ ನೊಬೆಲ್ ಬಂತು. ದಾರಿ ತೆರೆದ 1970ರ ಲೇಖನದಲ್ಲಿ ಅವರ ಜೊತೆ ಇದ್ದ ಹೆಸರುಗಳು ವಿದ್ಯಾರ್ಥಿಗಳವು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಹಿಲ್ಡೆ ಮ್ಯಾಂಗೋಲ್ಡ್. ಹಾನ್ಸ್ ಸ್ಪೇಮನ್ ಅವರ ಬಳಿ ಡಾಕ್ಟರೇಟ್‌ಗೆ ಕೆಲಸ ಮಾಡುತ್ತಿದ್ದಾಕೆ. ಅವರ ಕೈಗೆ ಬಂದದ್ದು ನ್ಯೂಟ್‌ನ ಭ್ರೂಣ. ನ್ಯೂಟ್ ಎಂದರೆ ಬಾಲವಿರುವ, ಕಪ್ಪೆಯ ದೂರದ ನೆಂಟ. ಭ್ರೂಣದ ಗಾತ್ರ ಒಂದೆರಡು ಮಿಲಿಮೀಟರ್. ಉಪಕರಣಗಳು ಗಾಜಿನ ಸೂಜಿ ಮತ್ತು ಕೂದಲಿನ ಕುಣಿಕೆ. ಒಂದು ತಿಳಿಬಣ್ಣದ ಭ್ರೂಣದಿಂದ, ಕೋಶಗಳು ಒಳಮುಖವಾಗಿ ಮಡಚಿಕೊಳ್ಳುವ ಅಂಚಿನ ಚೂರನ್ನು ಕತ್ತರಿಸಿ, ಗಾಢ ಬಣ್ಣದ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದರು. ಎರಡು ಬಣ್ಣವಿದ್ದುದರಿಂದ ಯಾವ ಕೋಶ ಯಾರದು ಎಂದು ಕೊನೆಯವರೆಗೂ ಗುರುತಿಸಬಹುದಿತ್ತು. ನೂರಾರು ಭ್ರೂಣಗಳು ಸತ್ತವು. ಸೋಂಕಿಗೆ ಮದ್ದಿಲ್ಲದ ಕಾಲ ಅದು. ಉಳಿದ ಕೆಲವೇ ಭ್ರೂಣಗಳಲ್ಲಿ ಹೊಟ್ಟೆ ಇರಬೇಕಾದ ಕಡೆ ಎರಡನೆಯ ಬೆನ್ನು ಮೂಡಿತ್ತು. ಆ ಬೆನ್ನಿನ ನರಕೊಳವೆ, ಅಂದರೆ ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ, ಬಹುತೇಕ ಗಾಢ ಬಣ್ಣದ್ದು, ಎಂದರೆ ಆತಿಥೇಯ ಭ್ರೂಣದ್ದೇ! ಕಸಿ ಮಾಡಿದ ಚೂರು ನೆರೆಯ ಕೋಶಗಳಿಂದ ಕೆಲಸ ಮಾಡಿಸಿತ್ತು. ಗುರು-ಶಿಷ್ಯೆ ಅದನ್ನು ‘ಸಂಘಟಕ’ ಎಂದು ಕರೆದರು.

ಲೇಖನ 1924ರಲ್ಲಿ ಅಚ್ಚಾಯಿತು. ಅದೇ ವರ್ಷ, ಇಪ್ಪತ್ತೈದರ ವಯಸ್ಸಿನಲ್ಲಿ, ಪುಟ್ಟ ಮಗುವಿನ ತಾಯಿಯಾಗಿದ್ದ ಹಿಲ್ಡೆ ಮನೆಯ ಒಲೆಯ ಬೆಂಕಿಗೆ ಸಿಕ್ಕಿ ತೀರಿಕೊಂಡರು. 1935ರ ನೊಬೆಲ್ ಸ್ಪೇಮನ್ ಅವರಿಗೆ ಸಂದಿತು.

ಆ ಚೂರು ನೆರೆಯ ಕೋಶಗಳಿಗೆ ಏನು ಹೇಳಿತು ಎಂಬುದು ಮಾತ್ರ ಸುಮಾರು ಎಪ್ಪತ್ತು ವರ್ಷ ಬಗೆಹರಿಯಲಿಲ್ಲ. 1992ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪೆಯ ಭ್ರೂಣದಿಂದ ‘ನಾಗಿನ್’ ಎಂಬ ಪ್ರೋಟೀನಿನ ವಂಶವಾಹಿ ಸಿಕ್ಕಿತು. ಎರಡು ವರ್ಷಗಳ ಬಳಿಕ ಲಾಸ್ ಏಂಜಲೀಸ್‌ನಲ್ಲಿ ‘ಕಾರ್ಡಿನ್’ ಸಿಕ್ಕಿತು. ‘ನೀನು ಮಿದುಳಾಗು’ ಎಂಬ ಆಜ್ಞೆಯನ್ನು ಹುಡುಕುತ್ತಿದ್ದವರಿಗೆ ಕಂಡದ್ದೇ ಬೇರೆ. ಭ್ರೂಣದ ಹೊರಪದರದ ಕೋಶವನ್ನು ಅದರ ಪಾಡಿಗೆ ಬಿಟ್ಟರೆ ಅದು ನರಕೋಶವಾಗಲು ಹೊರಡುತ್ತದೆ. ಬಿ.ಎಂ.ಪಿ. ಎಂಬ ಸಂಕೇತ ಪ್ರೋಟೀನ್ ಬಂದು ‘ಚರ್ಮವಾಗು’ ಎನ್ನುತ್ತದೆ. ಸಂಘಟಕ ಹೊರಬಿಡುವ ನಾಗಿನ್, ಕಾರ್ಡಿನ್ ಮಾಡುವುದಿಷ್ಟೇ: ಆ ಸಂಕೇತವನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತವೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಕಾರ್ಡಿನ್‌ಗೆ ಹತ್ತಿರದ ಬಂಧುವಾದ ವಂಶವಾಹಿಯೊಂದು ಮಾರ್ಗನ್ ಅವರ ಬಾಟಲಿಗಳಲ್ಲಿದ್ದ ಅದೇ ಹಣ್ಣಿನ ನೊಣದಲ್ಲಿದೆ. ನೊಣದ ನರತಂತು ಇರುವುದು ಹೊಟ್ಟೆಯ ಬದಿಯಲ್ಲಿ, ಆ ವಂಶವಾಹಿ ಕೆಲಸ ಮಾಡುವುದೂ ಅಲ್ಲಿಯೇ. ಎರಡನ್ನೂ ಅದಲುಬದಲು ಮಾಡಿ ನೋಡಿದಾಗ, ಕಪ್ಪೆಯದು ನೊಣದ ಭ್ರೂಣದಲ್ಲಿ ಹೊಟ್ಟೆಯ ಬದಿಯನ್ನು ಮೂಡಿಸಿತು, ನೊಣದ್ದು ಕಪ್ಪೆಯ ಭ್ರೂಣದಲ್ಲಿ ಬೆನ್ನಿನ ಬದಿಯನ್ನು.

ನಮಸ್ಕಾರ.