ಸಂಜೆಯ ಆ ಒಂದು ಗ್ಲಾಸು

ಕೇಳುಗರಿಗೆ ನಮಸ್ಕಾರ.

ದಿನಾ ಸಂಜೆ ವೈನ್ ಕುಡಿಯುವವರನ್ನು ವೈದ್ಯರು "ಎಷ್ಟು ಕುಡೀತೀರಿ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, "ಒಂದೇ ಗ್ಲಾಸು ಡಾಕ್ಟ್ರೇ." ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆ ಗ್ಲಾಸು ಎಷ್ಟು ದೊಡ್ಡದು ಎನ್ನುವುದು ಕೇಳಿದವರಿಗೂ ಗೊತ್ತಿರುವುದಿಲ್ಲ, ಕುಡಿಯುವವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಹೃದಯ, ಲಿವರ್ ಎಂದೆಲ್ಲ ಹೊರಡುವ ಮುಂಚೆ ಅಡುಗೆಮನೆಗೆ ಹೋಗಿ ಬರೋಣ.

ನಿಮ್ಮ ಎಂದಿನ ಗ್ಲಾಸನ್ನು ತೆಗೆದುಕೊಳ್ಳಿ. ದಿನಾ ವೈನ್ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ನೀರು ಹಾಕಿ. ಆ ನೀರನ್ನು ಮಿಲಿಲೀಟರ್ ಗೆರೆ ಇರುವ ಅಳತೆ ಜಗ್ಗಿಗೆ ಸುರಿಯಿರಿ. ಜಗ್ಗು ಇಲ್ಲವೇ? ಮಗುವಿನ ಹಾಲಿನ ಬಾಟಲಿ ಆದೀತು, ಅದರ ಮೈಮೇಲೂ ಗೆರೆಗಳಿರುತ್ತವೆ. ಲೆಕ್ಕದ ಪುಸ್ತಕಗಳಲ್ಲಿ ಒಂದು ಗ್ಲಾಸ್ ವೈನ್ ಎಂದರೆ 150 ಮಿಲಿಲೀಟರ್. ಈಗಿನ ದೊಡ್ಡ ಹೊಟ್ಟೆಯ ಗ್ಲಾಸಿಗೆ 250 ಮಿಲಿ ಸುರಿದರೂ ಅರ್ಧಕ್ಕಿಂತ ತುಸು ಮೇಲೆ ಬಂದು ನಿಲ್ಲುತ್ತದೆ, ಅಷ್ಟೆ. ಕಣ್ಣಿಗೆ ಅದು "ಸ್ವಲ್ಪ". ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 300 ವರ್ಷಗಳ ಇಂಗ್ಲೆಂಡಿನ ವೈನ್ ಗ್ಲಾಸುಗಳನ್ನು ಕಲೆಹಾಕಿ ಅಳೆದು, 2017ರಲ್ಲಿ ಲೆಕ್ಕ ಪ್ರಕಟಿಸಿದರು. 1700ರ ಸುಮಾರಿನ ಗ್ಲಾಸಿನಲ್ಲಿ ಸರಾಸರಿ ಹಿಡಿಯುತ್ತಿದ್ದದ್ದು 66 ಮಿಲಿ. ಈಗಿನದರಲ್ಲಿ 449 ಮಿಲಿ. ಅಜ್ಜಂದಿರ ಕಾಲದ "ಒಂದು ಗ್ಲಾಸು" ಎಂಬ ಮಾತು ಹಾಗೇ ಉಳಿದಿದೆ, ಗ್ಲಾಸು ಮಾತ್ರ ಏಳು ಪಟ್ಟು ಬೆಳೆದಿದೆ.

ಈಗ ಅದರೊಳಗಿನ ಮದ್ಯಸಾರವನ್ನು ಲೆಕ್ಕ ಹಾಕೋಣ, ಪೆನ್ನಿದ್ದರೆ ಬರೆದುಕೊಳ್ಳಿ. ನಿಮ್ಮ ಗ್ಲಾಸಿನ ಮಿಲಿಲೀಟರನ್ನು ಬಾಟಲಿಯ ಲೇಬಲ್ಲಿನ ಶೇಕಡಾ ಅಂಕಿಯಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿ. ಸಿಗುವುದು ಗ್ರಾಂ ಲೆಕ್ಕ. ಶೇಕಡಾ 13ರ ವೈನ್ 150 ಮಿಲಿ ಎಂದರೆ ಹದಿನೈದೂವರೆ ಗ್ರಾಂ. 250 ಮಿಲಿ ಎಂದರೆ 26 ಗ್ರಾಂ. 750 ಮಿಲಿಯ ಇಡೀ ಬಾಟಲಿಯಲ್ಲಿ 78 ಗ್ರಾಂ. ಗಂಡ ಹೆಂಡತಿ ಕೂತು ಮುಗಿಸಿದರೆ ತಲಾ 39.

ಗ್ರಾಂ ಲೆಕ್ಕ ತಲೆಗೆ ಹತ್ತದಿದ್ದರೆ ಪೆಗ್ ಲೆಕ್ಕದಲ್ಲಿ ಹೇಳುತ್ತೇನೆ. ನಮ್ಮಲ್ಲಿ ಸಿಗುವ ವಿಸ್ಕಿ ಸಾಮಾನ್ಯವಾಗಿ ಶೇಕಡಾ 42.8ರದು. 150 ಮಿಲಿ ವೈನಿನಲ್ಲಿರುವಷ್ಟೇ ಮದ್ಯಸಾರ ಒಂದೂವರೆ ಸ್ಮಾಲ್ ಪೆಗ್ ವಿಸ್ಕಿಯಲ್ಲಿದೆ. 250 ಮಿಲಿಯಲ್ಲಿ ಎರಡೂವರೆ ಸ್ಮಾಲ್ ಪೆಗ್ಗಿನಷ್ಟು. "ನಮ್ಮನೇಲಿ ಯಾರೂ ಕುಡಿಯಲ್ಲ, ವೈನ್ ಮಾತ್ರ" ಎನ್ನುವ ಮನೆಯಲ್ಲಿ ದಿನಾ ಎರಡೂವರೆ ಪೆಗ್ ಖರ್ಚಾಗುತ್ತಿರಬಹುದು. ದ್ರಾಕ್ಷಿಯಿಂದ ಬಂದದ್ದೋ ಬೆಲ್ಲದ ಕೊಳೆಯಿಂದ ಬಂದದ್ದೋ ಎಂದು ಲಿವರ್ ವಿಚಾರಿಸುವುದಿಲ್ಲ.

ಕೊಡಗಿನ ಮನೆ ವೈನ್, ಮಂಗಳೂರು ಕಡೆಯ ಕ್ರಿಸ್ಮಸ್ ವೈನ್ ವಿಚಾರವನ್ನೂ ಇಲ್ಲೇ ಮುಗಿಸಿಬಿಡೋಣ. ಮನೆಯಲ್ಲೇ ಮಾಡಿದ್ದು, ಹಾಗಾಗಿ ಲೈಟು ಎಂಬ ನಂಬಿಕೆ ಇದೆ. ಹುಳಿ ಬರಿಸುವ ಲೆಕ್ಕ ಬೇರೆ ಹೇಳುತ್ತದೆ: ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿ ಹುದುಗಿದರೆ ಶೇಕಡಾ ಒಂದರಷ್ಟು ಮದ್ಯಸಾರ ಆಗುತ್ತದೆ. ಹಣ್ಣಿನದೂ ನೀವು ಹಾಕಿದ್ದೂ ಸೇರಿ ಲೀಟರಿಗೆ 200 ಗ್ರಾಂ ಸಕ್ಕರೆ ಇದ್ದು, ಅದು ಪೂರ್ತಿ ಹುದುಗಿದರೆ ಶೇಕಡಾ 12. ಅಂಗಡಿಯ ವೈನಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಸೋಸಿದ ಮೇಲೆ ಮತ್ತೆ ಸಕ್ಕರೆ ಪಾಕ ಬೆರೆಸಿದರೆ ಖಾರ ನಾಲಿಗೆಗೆ ತಿಳಿಯುವುದೇ ಇಲ್ಲ. ಪೋರ್ಟ್ ಎಂದು ಮಾರುವ ಸಿಹಿ ವೈನಿನದೂ ಇದೇ ಕಥೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದರಿಂದ ಎರಡು ಕಡೆಯ ಪೆಟ್ಟು.

ಇನ್ನು, ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಎಲ್ಲಿಂದ ಬಂತು? ಫ್ರಾನ್ಸಿನಿಂದ. ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದಯಾಘಾತ ಕಡಿಮೆ ಏಕೆ ಎಂಬ ಪ್ರಶ್ನೆ ಇತ್ತು. 1991ರ ನವೆಂಬರಿನಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೋ ಇದಕ್ಕೆ ಕಾರಣ ವೈನ್ ಇರಬೇಕು ಎಂದರು. ಮರುವರ್ಷ ಅವರ ಲೇಖನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಮೆರಿಕದಲ್ಲಿ ಕೆಂಪು ವೈನಿನ ಮಾರಾಟ ಜಿಗಿಯಿತು.

ಆ ಬಗೆಯ ಅಧ್ಯಯನಗಳಲ್ಲಿ ಒಂದು ತೂತು ಇತ್ತು. ಕುಡಿಯುವವರನ್ನು "ಕುಡಿಯದವರ" ಜೊತೆ ಹೋಲಿಸಿದರು, ಸರಿ. ಆದರೆ ಆ ಕುಡಿಯದವರ ಗುಂಪಿನಲ್ಲಿ ಯಾರಿದ್ದರು? ಹುಟ್ಟಿನಿಂದ ಮುಟ್ಟದವರ ಜೊತೆಗೆ, ಮೊದಲು ಕುಡಿದು, ಕಾಯಿಲೆ ಬಂದು, ಡಾಕ್ಟರ ಮಾತಿಗೆ ಬಿಟ್ಟವರೂ ಇದ್ದರು. ರೋಗಿಗಳು ಸೇರಿದ ಗುಂಪಿನ ಪಕ್ಕದಲ್ಲಿ ಮಿತವಾಗಿ ಕುಡಿಯುವವರು ಗಟ್ಟಿಮುಟ್ಟಾಗಿ ಕಂಡರು. ಜೊತೆಗೆ, ಊಟದೊಂದಿಗೆ ಒಂದು ಗ್ಲಾಸ್ ವೈನ್ ಕುಡಿಯುವವರಲ್ಲಿ ಹಣವಂತರು, ತರಕಾರಿ ತಿನ್ನುವವರು, ವಾಕಿಂಗ್ ಹೋಗುವವರು ಹೆಚ್ಚು. 2023ರಲ್ಲಿ 107 ಅಧ್ಯಯನಗಳನ್ನು, ಒಟ್ಟು 48 ಲಕ್ಷದಷ್ಟು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಈ ತೂತುಗಳನ್ನು ಮುಚ್ಚಿ ನೋಡಿದಾಗ, ಸ್ವಲ್ಪ ಕುಡಿದರೆ ಆಯುಸ್ಸು ಹೆಚ್ಚುತ್ತದೆ ಎಂಬ ಲಾಭ ಮಾಯವಾಯಿತು.

ನಮ್ಮವರಿಗೆ ಸಂಬಂಧಪಟ್ಟ ಇನ್ನೊಂದು ವಿಷಯ. 52 ದೇಶಗಳಲ್ಲಿ ಹೃದಯಾಘಾತದ ಕಾರಣಗಳನ್ನು ಹುಡುಕಿದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ ಬೇರೆ ದೇಶಗಳವರಿಗೆ ಮದ್ಯದಿಂದ ಕೊಂಚ ರಕ್ಷಣೆ ಇರುವಂತೆ ಕಂಡಿತ್ತು. 2007ರಲ್ಲಿ ಅದರಿಂದ ದಕ್ಷಿಣ ಏಷ್ಯಾದವರ ಅಂಕಿಗಳನ್ನು ಬೇರೆ ತೆಗೆದು ನೋಡಿದಾಗ ಆ ರಕ್ಷಣೆಯೂ ಕಾಣಲಿಲ್ಲ. ಇಷ್ಟಾದ ಮೇಲೂ "ಹಾರ್ಟಿಗೆ ಒಳ್ಳೇದಂತೆ" ಎಂದು ಹೊಸದಾಗಿ ಶುರು ಮಾಡುವವರಿಗೆ ಕೊಡಲು ನಮ್ಮಲ್ಲಿ ಯಾವ ಸಬೂಬೂ ಉಳಿದಿಲ್ಲ. ಹೃದಯಕ್ಕೆ ಒಳ್ಳೆಯದು ಎನ್ನಲಾಗುವ, ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತುವಿನ ವಿಚಾರವೂ ಅಷ್ಟೆ. ಒಂದು ಲೀಟರ್ ಕೆಂಪು ವೈನಿನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಇಲಿಗಳಿಗೆ ಕೊಟ್ಟ ಪ್ರಮಾಣ ಮನುಷ್ಯನಿಗೆ ಬೇಕೆಂದರೆ ದಿನಕ್ಕೆ ನೂರಾರು ಲೀಟರ್ ಕುಡಿಯಬೇಕು.

ಮೈಯೊಳಗೆ ಏನಾಗುತ್ತದೆ ನೋಡಿ. ಲಿವರ್ ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಒಡೆಯುತ್ತದೆ, ಆಮೇಲೆ ಅದನ್ನು ನಿರುಪದ್ರವಿಯಾಗಿಸುತ್ತದೆ. ನಡುವಿನ ಈ ಅಸಿಟಾಲ್ಡಿಹೈಡ್ ಜೀವಕೋಶಗಳ ಡಿಎನ್‌ಎಗೆ ಏಟು ಕೊಡುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಈ ಏಳು ಕಡೆ ಕ್ಯಾನ್ಸರಿಗೆ ಮದ್ಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಪಟ್ಟಿಯಲ್ಲಿ. ಕುಡಿತದ ಜೊತೆ ಸಿಗರೇಟೋ ಗುಟ್ಕಾವೋ ಸೇರಿದರೆ ಬಾಯಿ, ಗಂಟಲಿನ ಅಪಾಯ ಕೂಡುವ ಲೆಕ್ಕವನ್ನು ಮೀರಿ ಬೆಳೆಯುತ್ತದೆ.

ಹೆದರಿಸುವುದಕ್ಕಿಂತ ಅಂಕಿ ಕೊಡುವುದು ಒಳ್ಳೆಯದು. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ ಆಗಿದ್ದಾಗ, 2025ರ ಜನವರಿಯಲ್ಲಿ, ಮದ್ಯ ಮತ್ತು ಕ್ಯಾನ್ಸರ್ ಬಗ್ಗೆ ಒಂದು ಎಚ್ಚರಿಕೆ ಪತ್ರ ಹೊರಡಿಸಿದರು. ಅದರ ಲೆಕ್ಕ ಹೀಗಿದೆ. ವಾರಕ್ಕೆ ಒಂದು ಗ್ಲಾಸಿಗಿಂತ ಕಡಿಮೆ ಕುಡಿಯುವ ನೂರು ಹೆಂಗಸರಲ್ಲಿ ಜೀವಮಾನದಲ್ಲಿ ಸುಮಾರು 17 ಜನರಿಗೆ ಮದ್ಯಕ್ಕೆ ಸಂಬಂಧಿಸಿದ ಯಾವುದಾದರೊಂದು ಕ್ಯಾನ್ಸರ್ ಬರುತ್ತದೆ. ದಿನಕ್ಕೊಂದು ಕುಡಿದರೆ 19, ಎರಡಾದರೆ 22. ಗಂಡಸರಲ್ಲಿ ಇದೇ ಕ್ರಮದಲ್ಲಿ 10, 11, 13. ಇಲ್ಲಿ ಒಂದು ಎಂದರೆ 14 ಗ್ರಾಂ, ಅಂದರೆ ಶೇಕಡಾ 12ರ ವೈನಿನ 150 ಮಿಲಿಯ ಸಣ್ಣ ಗ್ಲಾಸು. ನಿಮ್ಮದು 250 ಮಿಲಿ ಆಗಿದ್ದರೆ ನೀವಿರುವುದು ಹೆಚ್ಚುಕಮ್ಮಿ ದಿನಕ್ಕೆ ಎರಡು ಕುಡಿಯುವವರ ಸಾಲಿನಲ್ಲಿ. ನೂರು ಹೆಂಗಸರಲ್ಲಿ ಐದು ಜನ, ನೂರು ಗಂಡಸರಲ್ಲಿ ಮೂರು ಜನ ಹೆಚ್ಚು ಎಂಬುದು ದೊಡ್ಡದೋ ಚಿಕ್ಕದೋ ಎಂದು ತೀರ್ಮಾನಿಸುವವರು ನೀವೇ. ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಆಗಿದ್ದ ಮನೆಯಲ್ಲಿ ಆ ತೀರ್ಮಾನ ಬೇರೆಯೇ ಇರುತ್ತದೆ. ಬಸುರಿಯರಿಗೆ ಲೆಕ್ಕವೇ ಬೇಡ, ಪೂರ್ತಿ ಬಿಡಬೇಕು.

ಬಿ.ಪಿ. ವಿಷಯ ಚಿಕ್ಕದಾಗಿ. ದಿನಕ್ಕೆ 12 ಗ್ರಾಂ ಮದ್ಯಸಾರಕ್ಕೆ ಮೇಲಿನ ಅಂಕಿ ಒಂದು ಚಿಲ್ಲರೆ ಏರುತ್ತದೆ, 48 ಗ್ರಾಮಿಗೆ ಐದರಷ್ಟು. ಆ ಐದರ ಏರಿಕೆ, ಒಂದು ಬಿ.ಪಿ. ಮಾತ್ರೆ ಇಳಿಸುವುದರ ಅರ್ಧಕ್ಕೂ ಹೆಚ್ಚನ್ನು ತಿಂದುಹಾಕಬಲ್ಲದು. ಇದಲ್ಲದೆ ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದೆ. ಒಂದು ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ವರ್ಷಗಟ್ಟಲೆ ಗಮನಿಸಿದ ಯುರೋಪಿನ ಅಧ್ಯಯನವೊಂದರಲ್ಲಿ ದಿನಕ್ಕೆ ಒಂದೇ ಸಣ್ಣ ಗ್ಲಾಸಿಗೂ ಅದರ ಅಪಾಯ ಶೇಕಡಾ 16ರಷ್ಟು ಹೆಚ್ಚು ಕಂಡಿತು.

ದಿನಾ ಕುಡಿಯುವವರಿಗೆ ಬೇಗ ಅನುಭವಕ್ಕೆ ಬರುವುದು ಮಾತ್ರ ಇದಾವುದೂ ಅಲ್ಲ, ನಿದ್ದೆ. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ಮಜ್ಜಿಗೆ ಕುಡಿದರೂ, ಲಿಂಬೆ ಹಿಂಡಿದರೂ, ಕಾಫಿ ಹೀರಿದರೂ ಆ ವೇಗ ಬದಲಾಗದು. ರಾತ್ರಿ ಒಂಬತ್ತಕ್ಕೆ 250 ಮಿಲಿ ಕುಡಿದಿರಿ ಎನ್ನಿ. ಹತ್ತೂವರೆಗೆ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ. ಹನ್ನೆರಡು ಹನ್ನೆರಡೂವರೆಗೆ ರಕ್ತದಲ್ಲಿ ಮದ್ಯಸಾರ ಖಾಲಿ. ಮಂಪರು ತಂದದ್ದು ಹೋದ ಮೇಲೆ ಮಿದುಳು ಉಲ್ಟಾ ಹೊಡೆಯುತ್ತದೆ: ಎರಡು ಎರಡೂವರೆಗೆ ಎಚ್ಚರ, ಎದೆ ಢವಢವ, ಬೆವರು, ಬಾಯಿ ಒಣಗು, ಮೂತ್ರದ ಒತ್ತಡ. ಮೂತ್ರವನ್ನು ಹಿಡಿದಿಡುವ ಹಾರ್ಮೋನನ್ನು ಮದ್ಯ ತಡೆದಿರುತ್ತದೆ. ಕನಸು ಬೀಳುವ ಹಂತದ ನಿದ್ದೆ ರಾತ್ರಿಯ ಮೊದಲರ್ಧದಲ್ಲಿ ಕಡಿತವಾಗಿರುತ್ತದೆ. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆ ಏರುತ್ತದೆ, ಉಸಿರು ಕಟ್ಟುವ ತೊಂದರೆ ಇದ್ದವರಿಗೆ ಅದು ಇನ್ನೂ ಹೆಚ್ಚು. ಬೆಳಿಗ್ಗೆ ಸುಸ್ತು, ಹಗಲೆಲ್ಲ ಕಿರಿಕಿರಿ. ಸಂಜೆ "ಇವತ್ತು ತುಂಬಾ ಸುಸ್ತು, ಒಂದು ಗ್ಲಾಸ್ ಬೇಕೇ ಬೇಕು." ಮೂರು ವಾರ ಬಿಟ್ಟು ನೋಡಿ. ಮೊದಲ ಕೆಲವು ರಾತ್ರಿ ನಿದ್ದೆ ತಡವಾದೀತು, ಅದಕ್ಕೆ ಹೆದರಿ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಡಿ.

ಮಾತ್ರೆ ನುಂಗುವವರು ಈ ಭಾಗವನ್ನು ಗಮನವಿಟ್ಟು ಕೇಳಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈನ್ ಕುಡಿದು ಊಟ ಬಿಟ್ಟರೆ ನಡುರಾತ್ರಿ ಸಕ್ಕರೆ ಅಂಶ ಅಪಾಯಕ್ಕಿಳಿಯಬಹುದು, ಏಕೆಂದರೆ ಮದ್ಯ ಕರಗಿಸುವ ಕೆಲಸದಲ್ಲಿರುವ ಲಿವರ್ ಹೊಸ ಸಕ್ಕರೆ ತಯಾರಿಸುವುದನ್ನು ಹಿಂದಕ್ಕೆ ಹಾಕುತ್ತದೆ. ತೊದಲು, ತೂರಾಟ ನೋಡಿ ಮನೆಯವರು "ಏರಿದೆ" ಎಂದು ಮಲಗಲು ಬಿಡುತ್ತಾರೆ, ಇದರಲ್ಲೇ ಪ್ರಾಣಾಪಾಯ ಇರುವುದು. ಗ್ಲುಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ನಿದ್ದೆ ಮಾತ್ರೆ, ಶೀತದ ಸೆಟ್ರಿಜಿನ್ ಜೊತೆ ಮಂಪರು ಇಮ್ಮಡಿ. ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೋನಿಡಜೋಲ್ ನಡೆಯುವಾಗ ಮತ್ತು ಮುಗಿದ ಮೇಲೂ ಮೂರು ದಿನ ಮದ್ಯ ಬೇಡ. ಆಸ್ಪಿರಿನ್, ನೋವಿನ ಮಾತ್ರೆಗಳ ಜೊತೆ ಜಠರದಲ್ಲಿ ರಕ್ತಸ್ರಾವದ ಅಪಾಯ.

ಸರಿ, ಪೂರ್ತಿ ಬಿಡಲು ಮನಸ್ಸಿಲ್ಲ, ಕಡಿಮೆ ಮಾಡಬೇಕು ಎನ್ನುವವರಿಗೆ. ಬ್ರಿಟನ್ನಿನ ವೈದ್ಯಾಧಿಕಾರಿಗಳು 2016ರಲ್ಲಿ ಹಾಕಿದ ಗಡಿ ವಾರಕ್ಕೆ 112 ಗ್ರಾಂ, ಅಂದರೆ ಸುಮಾರು ಒಂದೂವರೆ ಬಾಟಲಿ, ಅದನ್ನೂ ಮೂರು ಅಥವಾ ಅದಕ್ಕಿಂತ ಹೆಚ್ಚು ದಿನಗಳಿಗೆ ಹಂಚಿ. 2023ರ ಕೆನಡಾ ಸಲಹೆ ಇನ್ನೂ ಬಿಗಿ: ವಾರಕ್ಕೆ ಎರಡು ಸಣ್ಣ ಗ್ಲಾಸು ದಾಟದಿದ್ದರೆ ಅಪಾಯ ಕಡಿಮೆ. ಪೂರ್ತಿ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿತು. ಮೊದಲು ಕುಡಿಯದ ದಿನಗಳನ್ನು ಗೊತ್ತು ಮಾಡಿಕೊಳ್ಳಿ, ವಾರಕ್ಕೆ ನಾಲ್ಕಾದರೂ ಇರಲಿ. ಉಳಿಸಿದ್ದನ್ನೆಲ್ಲ ಶನಿವಾರ ತೀರಿಸಬೇಡಿ. ಹೆಚ್ಚಿನವರು ಜಾರುವುದು ತೆರೆದ ಬಾಟಲಿಯಿಂದ: "ಇಟ್ಟರೆ ಕೆಟ್ಟುಹೋಗುತ್ತೆ, ಮುಗಿಸಿಬಿಡೋಣ." ಅದಕ್ಕೊಂದು ಉಪಾಯವಿದೆ. ಬಾಟಲಿ ತೆರೆದ ಕೂಡಲೇ ಅರ್ಧವನ್ನು ತೊಳೆದು ಒಣಗಿಸಿದ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಫ್ರಿಜ್ಜಿನಲ್ಲಿಡಿ. ವೈನನ್ನು ಕೆಡಿಸುವುದು ಗಾಳಿ. ಗಾಳಿಗೆ ಜಾಗವಿಲ್ಲದಿದ್ದರೆ ಕೆಂಪೋ ಬಿಳಿಯೋ ನಾಲ್ಕೈದು ದಿನ ಚೆನ್ನಾಗಿರುತ್ತದೆ. 375 ಮಿಲಿಯ ಅರ್ಧ ಬಾಟಲಿ ಸಿಕ್ಕರೆ ಅದನ್ನೇ ತನ್ನಿ. ಸುರಿಯುವುದನ್ನು ಅಳತೆಯಲ್ಲೇ ಸುರಿಯಿರಿ, ಊಟದ ಜೊತೆಗೇ ಕುಡಿಯಿರಿ, ಮಲಗಲು ಮೂರು ಗಂಟೆ ಮುಂಚೆ ಮುಗಿಸಿ. ವೈನ್ ಹುಳಿ, ಹಲ್ಲಿನ ಮೇಲ್ಪದರವನ್ನು ಮೆತ್ತಗಾಗಿಸುತ್ತದೆ. ಕುಡಿದ ತಕ್ಷಣ ಬ್ರಷ್ ಮಾಡದೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಲಿವರ್ ಟೆಸ್ಟ್ ನಾರ್ಮಲ್ ಬಂತು ಎಂದು ಸಮಾಧಾನಪಡುವವರಿದ್ದಾರೆ. ಲಿವರಿನಲ್ಲಿ ಕೊಬ್ಬು ಕೂತಿದ್ದರೂ ರಕ್ತಪರೀಕ್ಷೆ ಸರಿ ಬರಬಹುದು. ಹೊಟ್ಟೆಯ ಸ್ಕ್ಯಾನಿಂಗ್ ಹೆಚ್ಚು ಹೇಳುತ್ತದೆ. ಮದ್ಯದಿಂದ ಬಂದ ಬರೀ ಕೊಬ್ಬಿನ ಹಂತವಾದರೆ ಪೂರ್ತಿ ಬಿಟ್ಟ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಗಂಟುಕಟ್ಟಿ ಸಿರೋಸಿಸ್ ಆದ ಮೇಲೆ ಹಾಗಲ್ಲ.

ಕೊನೆಗೆ ಒಂದು ಮುಖ್ಯ ಸೂಚನೆ. ದಿನಾ ಇಡೀ ಬಾಟಲಿ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ಈ ಭಾಷಣ ಕೇಳಿ ನಾಳೆಯಿಂದಲೇ ಏಕ್‌ದಂ ನಿಲ್ಲಿಸಬೇಡಿ. ನಿಲ್ಲಿಸಿದ ಆರೆಂಟು ಗಂಟೆಗಳಲ್ಲಿ ನಡುಕ, ಬೆವರು ಶುರುವಾಗಬಹುದು, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸ್ಥಿತಿಗೆ ಹೋಗಬಹುದು. ಇದಕ್ಕೆ ಔಷಧವಿದೆ, ಥಯಾಮಿನ್ ವಿಟಮಿನ್ ಕೊಡಬೇಕಾಗುತ್ತದೆ, ವೈದ್ಯರ ಕಣ್ಣೆದುರೇ ಬಿಡಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 14416. ನಮಸ್ಕಾರ.